ಎಮ್ಮೆಗಲ್ಲು ಮುಳುಗುವ ಮೊದಲು

ಸುರಪುರದ ಬಸ್ ನಿಲ್ದಾಣದ ಹಿಂದಿನ ಸಂದಿಯಲ್ಲಿ ಮೌನಮ್ಮನ ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇದೆ. ತಹಶೀಲ್ ಕಚೇರಿಗೆ ಅರ್ಜಿ ಕೊಡುವವರು, ಲಗ್ನಪತ್ರಿಕೆ ಹೊಡೆಸುವವರು ಎಲ್ಲರೂ ಅಲ್ಲಿಗೇ ಬರುತ್ತಾರೆ. ನಮ್ಮ ಸಂಘಟನೆಯ ಕರಪತ್ರಗಳೂ ಅಲ್ಲೇ ಹುಟ್ಟುತ್ತವೆ. ಎಷ್ಟೋ ಸಾಲುಗಳು ಅಲ್ಲೇ ಸಾಯುತ್ತವೆ ಕೂಡ. ಯಾಕೆಂದರೆ ಆಕೆ ಟೈಪ್ ಮಾಡುತ್ತ ಮಾಡುತ್ತ ಕೈ ನಿಲ್ಲಿಸಿಬಿಡುತ್ತಾಳೆ.

“ಕಾಕಾ, ‘ಜನವಿರೋಧಿ ನೀತಿಗಳ ವಿರುದ್ಧ ಸಮಸ್ತ ಶೋಷಿತರು ಒಗ್ಗೂಡಬೇಕು’ ಅಂತ ಬರದೀರಿ. ಇದನ್ನ ಯಾರು ಓದೋರು?”

“ಮಂದಿ,” ಅಂದೆ ನಾನು.

“ಯಾವ ಮಂದಿ? ಕಕ್ಕೇರಾ ಸಂತ್ಯಾಗ ಉಳ್ಳಾಗಡ್ಡಿ ಮಾರೋ ಮಲ್ಲೇಶ್ವರಿ ಇದನ್ನ ಓದಿದಳು ಅಂತ ತಿಳ್ಕೋರಿ. ಮುಂದ ಆಕಿ ಏನ್ ಮಾಡಬೇಕು? ಎದ್ದು ಎಲ್ಲಿಗಿ ಬರಬೇಕು?”

“ಅದು ಕೆಳಗ ಅದ, ನೋಡು.”

“ಕೆಳಗ ಬರೂತನಕ ಆಕಿ ನಿಮ್ಮ ಕರಪತ್ರದಾಗ ಉಳ್ಳಾಗಡ್ಡಿ ಕಟ್ಟಿ ಕೊಟ್ಟಿರ್ತಾಳ, ತಗೋರಿ.”

ಹೇಳಿ, ಕೊನೆಯ ಸಾಲನ್ನು ಎತ್ತಿ ತಲೆಯ ಮೇಲೆ ಕೂರಿಸುತ್ತಾಳೆ. ಎಲ್ಲಿಗೆ, ಯಾವತ್ತು, ಯಾಕೆ. ಉಳಿದದ್ದು ಜಾಗ ಇದ್ದರೆ. ನಮ್ಮ ಹುಡುಗರಿಗೆ ಮೊದಲು ಸಿಟ್ಟು ಬರುತ್ತಿತ್ತು. ಈಗ ಅಭ್ಯಾಸವಾಗಿದೆ.

ಆಕೆಗೆ ಮೂವತ್ತೈದರ ಆಸುಪಾಸು. ಕಕ್ಕೇರಾದಿಂದ ಕೃಷ್ಣೆಯ ಕಡೆ ಇಳಿದರೆ ಸಿಗುವ ಅಂಬಿಗೇರ ದೊಡ್ಡಿ ಎಂಬ ಸಣ್ಣ ಊರು ತವರು. ಅಪ್ಪ ಹರಿಗೋಲು ಹಾಕುತ್ತಿದ್ದ. ಅಣ್ಣ ಮರಿಲಿಂಗ ಮೀನು ಹಿಡಿಯುತ್ತಾನೆ. ಹೊಳೆಯ ನಡುವೆ ಒಂದು ಗಡ್ಡೆ ಇದೆ, ಅದರ ಮೇಲೆ ಗುಡಿಸಲು ಹಾಕಿ ಒಂದಿಷ್ಟು ಸಜ್ಜೆ ಬಿತ್ತುತ್ತಾನೆ, ಆಡು ಮೇಯಿಸುತ್ತಾನೆ. ಮೌನಮ್ಮ ಸಣ್ಣವಳಿದ್ದಾಗಲೇ ಸುರಪುರದ ಹಾಸ್ಟೆಲಿಗೆ ಬಂದಳು, ಪಿಯುಸಿ ಮುಗಿಸಿದಳು, ಟೈಪಿಂಗ್ ಕಲಿತಳು, ಅಂಗಡಿ ಹಾಕಿದಳು. ಗಂಡ ಟಂಟಂ ಆಟೊ ಓಡಿಸುತ್ತಾನೆ. ಇಷ್ಟೇ. ಇದರಲ್ಲಿ ಹಾಡು ಕಟ್ಟುವಂಥದ್ದೇನೂ ಇಲ್ಲ. ನಾನು ಈಕೆಯ ಬಗ್ಗೆ ಬರೆಯುತ್ತಿರುವುದು ಒಂದು ತಪ್ಪಿನ ಕಾರಣಕ್ಕೆ. ತಪ್ಪು ಈಕೆಯದೇ.

ಮೇಲಿನ ಅಣೆಕಟ್ಟಿನ ಗೇಟು ತೆಗೆದರೆ ದೊಡ್ಡಿಯ ಹತ್ತಿರ ಹೊಳೆ ಒಮ್ಮೆಲೇ ಏರುತ್ತದೆ. ಗಡ್ಡೆಯ ಮೇಲಿದ್ದವರು ಅಲ್ಲೇ ಸಿಕ್ಕಿಬೀಳುತ್ತಾರೆ. ಡಂಗುರ ಹಾಕುತ್ತಾರೆ, ನಿಜ. ಡಂಗುರ ದಂಡೆಯ ಮೇಲಿನವರಿಗೆ ಕೇಳಿಸುತ್ತದೆ, ಗಡ್ಡೆಯ ಮೇಲಿನವರಿಗೆ ಹೊಳೆಯ ಸದ್ದೇ ಕೇಳಿಸುತ್ತದೆ. ಇದಕ್ಕಾಗಿ ನಾವು ಧರಣಿ ಕೂತಿದ್ದೇವೆ, ರಸ್ತೆ ತಡೆದಿದ್ದೇವೆ, ಲಾಠಿಯ ರುಚಿಯನ್ನೂ ನೋಡಿದ್ದೇವೆ. ಸಿಕ್ಕಿದ್ದು ಭರವಸೆ.

ಆಗ ಯಾದಗಿರಿಯ ಡಿಪ್ಲೊಮಾ ಕಾಲೇಜಿನಲ್ಲಿ ಪಾಠ ಮಾಡುವ ರಾಧಿಕಾ ಎಂಬ ಹೆಣ್ಣುಮಗಳು ಒಂದು ಪೆಟ್ಟಿಗೆ ಹಿಡಿದುಕೊಂಡು ಬಂದಳು. ದೊಡ್ಡಿಯ ದಂಡೆಯಲ್ಲಿ ಒಂದು ಪಾಳುಬಿದ್ದ ಜಾಕ್‌ವೆಲ್ ಇದೆ. ಹೊಳೆಯಿಂದ ನೀರೆತ್ತಲು ಬಾವಿಯ ಹಾಗೆ ಕಟ್ಟಿ, ಮೋಟಾರು ಕೂರಿಸದೆ ಬಿಟ್ಟದ್ದು. ಅದರ ಗೋಡೆಗೆ ಪೆಟ್ಟಿಗೆಯನ್ನು ಬಿಗಿದರು. ಅದು ಕೆಳಗಿನ ನೀರನ್ನು ನೋಡುತ್ತಿರುತ್ತದೆ, ನೀರು ಎಷ್ಟು ಮೀಟರ್ ನಿಂತಿದೆ ಎಂದು ಅಳೆದು ಕೆಂಪು ದೀಪದ ಬೋರ್ಡಿನ ಮೇಲೆ ಅಂಕಿ ತೋರಿಸುತ್ತದೆ, ನೀರು ಏರಿದಾಗ ಫೋನುಗಳಿಗೆ ಸಂದೇಶ ಕಳಿಸುತ್ತದೆ. ಜನ ಅದಕ್ಕೆ ಹೊಳಿ ಪೆಟ್ಟಿಗಿ ಎಂದು ಹೆಸರಿಟ್ಟರು.

ಪೆಟ್ಟಿಗೆಯ ಒಳಗಿನ ಸಾಫ್ಟ್‌ವೇರಿಗೆ ಮಾಲೀಕನಿಲ್ಲ. ಓಪನ್ ಸೋರ್ಸ್ ಅನ್ನುತ್ತಾರೆ. ಯಾರೋ ಒಂದಿಷ್ಟು ಜನ ಬರೆದು ಬಯಲಲ್ಲಿ ಇಟ್ಟಿದ್ದಾರೆ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತಿದ್ದಬಹುದು, ತಿದ್ದಿದ್ದನ್ನು ವಾಪಸು ಅಲ್ಲೇ ಇಡಬಹುದು. ಊರೆಲ್ಲ ಕೂಡಿ ಒಡ್ಡು ಕಟ್ಟಿದಂತೆ. ಬ್ರಹ್ಮಪುತ್ರದ ದಂಡೆಯಲ್ಲಿ ಒಂದು ಗುಂಪು ಇದನ್ನು ಶುರು ಮಾಡಿತು, ಕೇರಳದವರು ಸೇರಿದರು, ಆಮೇಲೆ ಇನ್ನೂ ಯಾರ್ಯಾರೋ. ಪೆಟ್ಟಿಗೆಯನ್ನು ಎಲ್ಲಿ ಕೂರಿಸಬೇಕು, ಹೇಗೆ ಒರೆಸಬೇಕು, ಜನರಿಗೆ ಏನಂತ ಸಂದೇಶ ಕಳಿಸಬೇಕು ಎಂಬುದಕ್ಕೆಲ್ಲ ಒಂದು ಕೈಪಿಡಿ ಇದೆ. ಅದೂ ಬಯಲಲ್ಲೇ ಇದೆ. ಕನ್ನಡದಲ್ಲಿ ಮಾತ್ರ ಇರಲಿಲ್ಲ. ರಾಧಿಕಾ ಕೇಳಿದಳು, ಮೌನಮ್ಮ ಒಪ್ಪಿದಳು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೂತು ಇಡೀ ಕೈಪಿಡಿಯನ್ನು ಕನ್ನಡಕ್ಕೆ ತಂದಳು. ಚೊಕ್ಕ ಕನ್ನಡ. ಸಂದೇಶದ ಸಾಲನ್ನು “ನೀರಿನ ಮಟ್ಟ” ಎಂದು ಮಾಡಿದಳು, ಮುಂದೆ ಅಂಕಿ ಬರುತ್ತದೆ.

ಹೊಳೆದಂಡೆಯಲ್ಲಿ ಹಂಪಣ್ಣನ ಚಹಾ ಹೋಟೆಲಿದೆ. ಅಲ್ಲೇ ಸಭೆ ಮಾಡಿ ವಿವರಿಸಿದರು. ತಿಳೀತಾ ಅಂದರೆ ತಿಳೀತ್ರಿ ಅಂದರು. ಎಲ್ಲರೂ ತಲೆಯಾಡಿಸಿದರು. ಸಭೆಯಲ್ಲಿ ಎಲ್ಲರೂ ಒಟ್ಟಿಗೆ ತಲೆಯಾಡಿಸಿದರೆ ಯಾರಿಗೂ ತಿಳಿದಿಲ್ಲ ಎಂದೇ ಅರ್ಥ. ಚಳವಳಿ ಮಾಡಿದವರಿಗೆ ಇದು ಗೊತ್ತು.

ಬೇಸಿಗೆಯಲ್ಲಿ ಬೋರ್ಡು ಒಂದು ಎಂದು ತೋರಿಸುತ್ತಿತ್ತು. ಹಂಪಣ್ಣನಿಗೆ ಅದೇ ತಮಾಷೆ.

“ಏ ಮೌನವ್ವ, ನಿನ್ನ ಪೆಟ್ಟಿಗಿಗಿ ತಲಿ ಕೆಟ್ಟದೇನು? ಹೊಳ್ಯಾಗ ನಾಯಿ ನಡಕೋತ ದಾಟಾಕತ್ತಾವ, ಇದು ನೋಡಿದ್ರ ಒಂದು ಅಂತದ! ಬ್ಯಾಸಗ್ಯಾಗೇ ಇಷ್ಟು ಅಂಜಿದ್ರ ಮಳಿಗಾಲದಾಗ ಉಚ್ಚಿ ಹೊಯ್ಕೊಂತದ.”

ಮೌನಮ್ಮ ನಕ್ಕುಬಿಟ್ಟಳು. ಹಂಪಣ್ಣ ಕಂಡಿದ್ದಕ್ಕೆಲ್ಲ ಹೀಗೇ ಅನ್ನುವವನು. ಅವನ ಮಾತಿನಲ್ಲೇ ಇಡೀ ವಿಷಯ ಇತ್ತು, ಆದರೆ ಆಕೆಗೆ ಕೇಳಿಸಲಿಲ್ಲ.

ಮಳೆಗಾಲ ಶುರುವಾಯಿತು. ಬೋರ್ಡು ಎರಡು ಎಂದಿತು. ದೊಡ್ಡಿಯವರು ಹೊಳೆ ನೋಡಿದರು, ಬೋರ್ಡು ನೋಡಿದರು, ಪೆಟ್ಟಿಗೆ ಸುಳ್ಳು ಹೇಳುತ್ತಿದೆ ಎಂದು ತೀರ್ಮಾನಿಸಿದರು. ಮೌನಮ್ಮನ ಅಂಗಡಿಯ ಪಕ್ಕದಲ್ಲಿ ಮೊಬೈಲ್ ರಿಪೇರಿ ಮಾಡುವ ಅಲ್ಲಾಬಕ್ಷ ಇದ್ದಾನೆ. ಪೆಟ್ಟಿಗೆಯ ಉಸ್ತುವಾರಿ ಅವನದು. ಬಂದು ನೋಡಿದ, ಕಣಜದ ಹುಳ ಗೂಡು ಕಟ್ಟಿತ್ತು, ಕೆರೆದು ಒರೆಸಿ ಹೋದ. ಆ ಗೂಡಿಗೂ ಅಂಕಿಗೂ ಸಂಬಂಧ ಇರಲಿಲ್ಲ. ಆದರೆ ದೊಡ್ಡಿಯವರು, ಅಲ್ಲಾಬಕ್ಷ ಪೆಟ್ಟಿಗೆ ರಿಪೇರಿ ಮಾಡಿದ ಅಂದುಕೊಂಡರು.

ಅದಾದ ಸ್ವಲ್ಪ ದಿನಕ್ಕೆ ಮೇಲೆ ಗೇಟು ತೆಗೆದರು. ನೀರು ಏರತೊಡಗಿತು. ಗಡ್ಡೆಯ ಆಚೆ ಮಗ್ಗುಲಿಗೆ ಆಡು ಬಿಟ್ಟುಕೊಂಡು ಕುಳಿತಿದ್ದ ಮರಿಲಿಂಗನ ಫೋನಿಗೆ ಸಂದೇಶ ಬಂತು. ನೀರಿನ ಮಟ್ಟ ಆರು. ಮರಿಲಿಂಗ ಹಾಯಾಗಿ ಬುತ್ತಿ ಬಿಚ್ಚಿದ.

ಯಾಕೆ ಎನ್ನುವುದನ್ನು ಹೇಳಬೇಕು. ದೊಡ್ಡಿಯ ಎದುರಿಗೆ ಹೊಳೆಯಲ್ಲಿ ಏಳು ಕಲ್ಲುಗಳು ಸಾಲಾಗಿ ನಿಂತಿವೆ. ಸಣ್ಣದರಿಂದ ಹಿಡಿದು, ನಡುವಿನ ಅಗಸರ ಕಲ್ಲು ದಾಟಿ, ಕೊನೆಯ ದೊಡ್ಡ ಎಮ್ಮೆಗಲ್ಲಿನವರೆಗೆ. ಅಲ್ಲಿನ ಅಂಬಿಗರು ತಾತ ಮುತ್ತಾತನ ಕಾಲದಿಂದ ಹೊಳೆಯನ್ನು ಓದುವುದು ಆ ಕಲ್ಲುಗಳಿಂದ. ಎಷ್ಟು ಮುಳುಗಿದವು ಎಂದು ಅವರು ಎಣಿಸುವುದಿಲ್ಲ, ಎಷ್ಟು ಉಳಿದಿವೆ ಎಂದು ಎಣಿಸುತ್ತಾರೆ. ಹೊಳೆ ಏಳಕ್ಕಿದೆ ಎಂದರೆ ಮಕ್ಕಳೂ ಈಜಬಹುದು. ಆರಕ್ಕಿದೆ ಎಂದರೆ ಬಲೆ ಹಾಕಬಹುದು. ಮೂರಕ್ಕೆ ಬಂತೆಂದರೆ ಹರಿಗೋಲು ಕಟ್ಟಿಹಾಕಿ ದಂಡೆ ಹತ್ತಬೇಕು. ಅವರ ಎಣಿಕೆಯಲ್ಲಿ ಅಂಕಿ ಇಳಿದಂತೆ ಅಪಾಯ ಏರುತ್ತದೆ. ಬೇಸಿಗೆಯಲ್ಲಿ ಬೋರ್ಡು ಒಂದು ಎಂದಾಗ ಹಂಪಣ್ಣ ನಕ್ಕಿದ್ದು ಅದಕ್ಕೆ. ಅವತ್ತು ಬೆಳಿಗ್ಗೆ ಮರಿಲಿಂಗ ಹೊಳೆ ದಾಟುವಾಗ ಆರು ಕಲ್ಲು ಕಂಡಿದ್ದವು. ಪೆಟ್ಟಿಗೆಯೂ ಆರು ಎಂದಿತು. ರಿಪೇರಿಯಾದ ಮೇಲೆ ಖರೇ ಹೇಳುತ್ತಿದೆ ಎಂದುಕೊಂಡ.

ನೀರು ಗುಡಿಸಲಿಗೆ ನುಗ್ಗಿದಾಗ ಗೊತ್ತಾಯಿತು. ದೊಡ್ಡ ಆಡುಗಳನ್ನು ಹೊಡೆದುಕೊಂಡು ಗಡ್ಡೆಯ ನೆತ್ತಿ ಹತ್ತಿದ. ಮರಿಗಳೆಲ್ಲ ಹೋದವು. ಮಾರನೆಯ ದಿನ ನೀರಿನ ಸೆಳೆತ ತುಸು ತಗ್ಗಿದ ಮೇಲೆ ಹರಿಗೋಲಿನವರು ಹೋಗಿ ಅವನನ್ನು ಕರೆತಂದರು.

ಸುದ್ದಿ ತಿಳಿದು ಮೌನಮ್ಮ, ಅಲ್ಲಾಬಕ್ಷ, ರಾಧಿಕಾ ಮೂವರೂ ದೊಡ್ಡಿಗೆ ಬಂದರು. ಹಂಪಣ್ಣನ ಹೋಟೆಲಿನ ಮುಂದೆ ಇಡೀ ದೊಡ್ಡಿ ಸೇರಿತ್ತು. ಮರಿಲಿಂಗ ತಂಗಿಯ ಮುಖಕ್ಕೆ ಫೋನು ಹಿಡಿದ.

“ಆರು ಅಂತ ಬಂದದೋ ಇಲ್ಲೋ? ನೋಡು, ನೀನೇ ಓದು!”

“ಬಂದದ. ಆರು ಮೀಟರ್ ನೀರು ಬಂದದ ಅಂತಲೇ ಅದರ ಅರ್ಥ ಅಣ್ಣ. ನೀ ಯಾಕ ಕುಂತಿ?”

“ಆರು ಕಲ್ಲ ಕಾಣ್ತಾವ ಅಂತ ತಿಳಕೊಂಡೆ! ಮತ್ತೇನ್ ತಿಳಕೋಬೇಕು? ನೀ ಈ ಹೊಳ್ಯಾಗ ಹುಟ್ಟಿದಾಕಿ ಹೌದೋ ಅಲ್ಲೋ?”

ಮೌನಮ್ಮ ಫೋನು ಇಸಿದುಕೊಂಡು ಆ ಸಾಲನ್ನು ಮತ್ತೆ ಓದಿದಳು. ಹಂಪಣ್ಣ ಚಹಾದ ಪಾತ್ರೆ ಕೆಳಗಿಟ್ಟು ಎದ್ದುನಿಂತ.

“ಸುಮ್ನ ಈ ಪೆಟ್ಟಿಗಿ ಕಿತ್ತಿ ಹೊಳಿಗಿ ಒಗೀರಿ. ಪೆಟ್ಟಿಗಿ ಇಲ್ಲದಾಗ ಒಬ್ಬರೂ ಸತ್ತಿದ್ದಿಲ್ಲ.”

“ಸತ್ತಾರಲ್ಲ ಮಾವ, ನಿಮ್ಮ ತಮ್ಮನೇ ಹೋಗಿಲ್ಲೇನು?” ಅಂದಳು ಮೌನಮ್ಮ.

ಹಂಪಣ್ಣ ಕುಳಿತ. ಚಹಾದ ಪಾತ್ರೆಯನ್ನು ಮತ್ತೆ ಒಲೆಗೆ ಏರಿಸಿದ. ಆಮೇಲೆ ಅವನೇ ಅಂದ, “ಹಂಗಾದ್ರ ಒಂದ್ ಮಾತು. ಮುಂದಿನ ಮಳಿಗಾಲದಾಗ ಗೇಟ್ ತೆಗೆಯೂದರಾಗ ಈ ಪೆಟ್ಟಿಗಿ ನಮಗ ತಿಳಿಯೂಹಂಗ ಮಾತಾಡಬೇಕು. ಇಲ್ಲಾಂದ್ರ ನಾನೇ ಕಿತ್ತಿ ಒಗಿತೀನಿ.”

ಮರಿಲಿಂಗ ಗಡ್ಡೆ ಬಿಡುವವನಲ್ಲ. ಆಡು ಬೇರೆಲ್ಲಿ ಮೇಯಬೇಕು? ಮಳೆಗಾಲ ಬಂದರೆ ಮತ್ತೆ ಅಲ್ಲೇ ಇರುತ್ತಾನೆ. ಹಾಗಾಗಿ ಮೌನಮ್ಮನಿಗೆ ಪಣಕ್ಕಿದ್ದುದು ಪೆಟ್ಟಿಗೆಯಲ್ಲ, ಅಣ್ಣನ ಜೀವ.

ಇಲ್ಲಿಂದ ಮುಂದೆ ಆಕೆ ಮಾಡಿದ್ದನ್ನು ನಾನು ಮೆಚ್ಚುತ್ತೇನೆ. ತಪ್ಪನ್ನು ಎಲ್ಲರೂ ಮಾಡುತ್ತಾರೆ. ಅದನ್ನು ಬಯಲಿಗೆ ತಂದು, ತನ್ನ ಹೆಸರು ಹಚ್ಚಿ ನಿಲ್ಲಿಸುವವರು ಕಡಿಮೆ. ಆ ಸಾಫ್ಟ್‌ವೇರಿನ ತಾಣದಲ್ಲಿ ದೂರು ಬರೆಯಲು ಒಂದು ಜಾಗವಿದೆ, ಜಗತ್ತಿನ ಯಾರು ಬೇಕಾದರೂ ಓದಬಹುದು. ಅಲ್ಲಿ ಆಕೆ ಬರೆದಳು: “ನಾನು ಮೌನಮ್ಮ, ಸುರಪುರ. ಕನ್ನಡದ ಕೈಪಿಡಿ ಬರೆದವಳು ನಾನೇ. ನನ್ನ ಸಂದೇಶ ಓದಿ ನನ್ನ ಅಣ್ಣ ಸಾಯುತ್ತಿದ್ದ. ಅನುವಾದ ತಪ್ಪಿಲ್ಲ. ಸಂದೇಶ ಹೇಗಿರಬೇಕೆಂದು ಹೇಳುವ ಪುಟವೇ ತಪ್ಪು.”

ಇಂಗ್ಲಿಷಿಗೆ ಹಾಕಿಕೊಡುತ್ತಿದ್ದ ರಾಧಿಕಾ ತಡೆದಳು.

“ಮೌನಮ್ಮ, ಸ್ವಲ್ಪ ಮೆತ್ತಗ ಬರೀರಿ. ಇದು ಅಳಿಸಿ ಹೋಗೂದಲ್ಲ. ನಿಮ್ಮ ಹೆಸರು ಅಲ್ಲೇ ಉಳೀತದ.”

“ಉಳೀಲ್ರಿ ಮೇಡಮ್. ಆಡಿನ ಮರಿ ಅಂತೂ ಉಳೀಲಿಲ್ಲ, ಹೆಸರರೆ ಉಳೀಲಿ.”

ಉತ್ತರ ಬರೆದವಳು ಜೊನಾಲಿ. ಬ್ರಹ್ಮಪುತ್ರದ ದಂಡೆಯವಳು, ಮೂಲ ಕೈಪಿಡಿ ಬರೆದವರಲ್ಲಿ ಒಬ್ಬಳು. ವಾದಕ್ಕೆ ನಿಲ್ಲಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಒಂದೇ ಪ್ರಶ್ನೆ ಕೇಳಿದಳು: ನಿಮ್ಮೂರಿನವರು ಹೊಳೆಯನ್ನು ಹೇಗೆ ನೋಡುತ್ತಾರೆ? ಮೌನಮ್ಮ ಏಳು ಕಲ್ಲಿನ ಕತೆ ಬರೆದಳು. ಜೊತೆಗೆ ತನ್ನ ಪರಿಹಾರವನ್ನೂ ಬರೆದಳು: ನಮ್ಮ ದೊಡ್ಡಿಯ ಪೆಟ್ಟಿಗೆಯಲ್ಲಿ ಅಂಕಿಯನ್ನು ತಿರುಗಿಸಿಬಿಡಿ, ನೀರು ಏರಿದಂತೆ ಅಂಕಿ ಇಳಿಯಲಿ.

ಜೊನಾಲಿ ಆಗುವುದಿಲ್ಲ ಅಂದಳು. ರಾಧಿಕಾಳೂ ಆಗುವುದಿಲ್ಲ ಅಂದಳು. ಮೌನಮ್ಮನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಅಂಗಡಿಯಲ್ಲಿ ಅಲ್ಲಾಬಕ್ಷನ ಎದುರಿಗೇ ರಾಧಿಕಾಳ ಜೊತೆ ಜಗಳವಾಯಿತು.

“ನಮ್ಮ ಹೊಳಿ, ನಮ್ಮ ಕಲ್ಲ, ನಮ್ಮ ಮಂದಿ ಸಾಯೋರು. ಅಲ್ಲಿ ಕುಂತು ಆಗೂದಿಲ್ಲ ಅನ್ನಾಕ ಆಕಿ ಯಾರು?”

“ಬೇಟಿ, ಒಂದೀಟು ಉಸಿರು ತಗೋ,” ಅಂದ ಅಲ್ಲಾಬಕ್ಷ. ಕೈಯಲ್ಲಿ ಯಾರದೋ ಫೋನು ಬಿಚ್ಚಿಟ್ಟುಕೊಂಡಿದ್ದ. “ನಾಳಿ ನೀರ ಬಂತು ಅನ್ನು. ನಿಮ್ಮವರನ್ನ ಕರ್ಕೊಂಡ್ ಬರಾಕ ರಾಯಚೂರ ಕಡಿಂದ ಬೋಟಿನವರು ಬರ್ತಾರ. ಬೋರ್ಡ್ ನೋಡ್ತಾರ. ಒಂದು ಅಂತದ. ಒಂದೇ ಮೀಟರ್, ಆರಾಮ ಅದ ಅಂತ ಹೊಳಿಗಿ ಬೋಟ್ ಇಳಸ್ತಾರ. ಅವರು ಸತ್ತರ ನಡೀತದೇನು?”

ರಾಧಿಕಾ ಹೇಳಬೇಕಿದ್ದ ಮಾತನ್ನೇ ಅಲ್ಲಾಬಕ್ಷ ಆಡಿಯಾಗಿತ್ತು. ಮೌನಮ್ಮ ಪ್ರಿಂಟರಿಗೆ ಕಾಗದ ತುಂಬುತ್ತ ನಿಂತಳು. ಆಮೇಲೆ, “ಹೌದು, ನಂದೂ ಗಲತ್ ಅದ. ಮತ್ತ ಏನ್ ಮಾಡೂದು?” ಅಂದಳು. ನಮ್ಮ ಸಂಘಟನೆಯಲ್ಲಿ ಇಷ್ಟು ಹೇಳುವುದಕ್ಕೆ ಮೂರು ಸಮ್ಮೇಳನ ಬೇಕು.

ಏನು ಮಾಡುವುದು ಎಂಬುದು ಬೇರೆಯವರಿಂದ ಬಂತು. ಆ ದೂರಿನ ಕೆಳಗೆ ಒಬ್ಬೊಬ್ಬರೇ ಬರೆಯತೊಡಗಿದರು. ಜೊನಾಲಿಯ ಪಕ್ಕದ ಊರಿನವರು ದಂಡೆಗೆ ಬಿದಿರು ನೆಟ್ಟು ಗೆಣ್ಣು ನೋಡುತ್ತಾರಂತೆ. ಕೇರಳದ ಕುಟ್ಟನಾಡಿನ ನಿವೃತ್ತ ಮೇಷ್ಟ್ರು ಒಬ್ಬರು, ತಮ್ಮ ಕಡೆ ಅಂಗಳದ ತುಳಸಿಕಟ್ಟೆ ಮುಳುಗಿತೇ ಎಂದು ಕೇಳುತ್ತಾರೆ, ಯಾರೂ ಮೀಟರು ಕೇಳುವುದಿಲ್ಲ ಎಂದು ಬರೆದರು. ಪ್ರತಿ ಊರಿಗೂ ತನ್ನದೊಂದು ಲೆಕ್ಕವಿತ್ತು. ಕೈಪಿಡಿಯಲ್ಲಿ ಅದನ್ನು ಕೇಳುವ ಒಂದು ಸಾಲೂ ಇರಲಿಲ್ಲ. ಇಷ್ಟು ಜನಕ್ಕೆ ಗೊತ್ತಿತ್ತು, ಯಾರೂ ಹೇಳಿರಲಿಲ್ಲ. ಸುರಪುರದ ಟೈಪಿಂಗ್ ಅಂಗಡಿಯವಳು ನನ್ನ ಪುಟ ತಪ್ಪು ಎಂದ ಮೇಲೆ ಎಲ್ಲರಿಗೂ ಬಾಯಿ ಬಂತು.

ಹಾಗೆ ಹೊಸ ಪುಟ ಶುರುವಾಯಿತು. ಒಬ್ಬರು ಒಂದು ಸಾಲು ಬರೆಯುತ್ತಾರೆ. ಇನ್ನೊಬ್ಬರು ಹೊಡೆದುಹಾಕಿ, ಯಾಕೆ ಹೊಡೆದೆ ಎಂದು ಪಕ್ಕದಲ್ಲಿ ಬರೆಯುತ್ತಾರೆ. ಹೊಡೆದದ್ದೂ ಉಳಿದಿರುತ್ತದೆ, ಯಾರು ಹೊಡೆದರು ಎಂಬುದೂ ಉಳಿದಿರುತ್ತದೆ. ನಿರ್ಣಯದ ಒಂದು ಪದಕ್ಕೆ ಸಂಘಟನೆ ಎರಡು ಹೋಳಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಲ್ಲಿ ಮೌನಮ್ಮನ ಸಾಲನ್ನು ಜೊನಾಲಿ ಹೊಡೆದಳು, ಜೊನಾಲಿಯದನ್ನು ಮೇಷ್ಟ್ರು ಹೊಡೆದರು, ಮೇಷ್ಟ್ರದನ್ನು ಮೌನಮ್ಮ ಹೊಡೆದಳು, ಯಾರೂ ಹೊಸ ಬಾವುಟ ಹೊಲಿಸಲಿಲ್ಲ. ಪುಟದ ಮೊದಲ ಸಾಲು ಮಾತ್ರ ಆಕೆ ಬರೆದದ್ದೇ ಉಳಿಯಿತು: “ಪೆಟ್ಟಿಗೆ ಬಿಗಿಯುವ ಮೊದಲು ಹೊಳೆ ದಾಟುವವರ ಜೊತೆ ಕೂತು, ನೀವು ಏನನ್ನು ನೋಡಿ ವಾಪಸು ಬರುತ್ತೀರಿ ಎಂದು ಕೇಳಿ.”

ಸಂದೇಶದ ಮಾತು ಬದಲಿಸಲು ಆ ಗುಂಪಿನಲ್ಲಿ ಒಂದು ಕಟ್ಟುನಿಟ್ಟು ಇದೆ. ಮೂವರು ಓದಿ ಒಪ್ಪಬೇಕು. ಜೀವದ ವಿಷಯ, ಒಬ್ಬರ ಕೈಗೆ ಬಿಡುವುದಿಲ್ಲ. ಮೌನಮ್ಮ ಅದಕ್ಕೆ ತನ್ನದೊಂದನ್ನು ಸೇರಿಸಿದಳು. ಮೂವರು ಒಪ್ಪುವ ಮೊದಲು ಸಂದೇಶವನ್ನು ಹಂಪಣ್ಣನ ಹೋಟೆಲಿನಲ್ಲಿ ಓದಿಸಬೇಕು. ಓದಿದವನು ಏನು ತಿಳಿದುಕೊಂಡ ಎಂದು ಅವನ ಬಾಯಿಂದಲೇ ಕೇಳಬೇಕು. ತಿಳೀತಾ ಎಂದು ಮಾತ್ರ ಕೇಳಬಾರದು.

ಬೇಸಿಗೆಯ ಒಂದು ಮಧ್ಯಾಹ್ನ ಆ ಪರೀಕ್ಷೆಗೆ ನಾನೂ ಹೋಗಿದ್ದೆ. ಮೊದಲ ಸಂದೇಶದಲ್ಲಿ ಎರಡೂ ಲೆಕ್ಕ ಇದ್ದವು: ನೀರು ಇಷ್ಟು ಮೀಟರು, ಉಳಿದ ಕಲ್ಲು ಇಷ್ಟು.

“ಮಾವ, ಇದನ್ನ ಓದಿ ನೀವು ಏನ್ ಮಾಡ್ತೀರಿ?”

ಹಂಪಣ್ಣ ಫೋನನ್ನು ದೂರ ಹಿಡಿದು ಓದಿದ. “ಆರು ಮೀಟರ್, ಮೂರು ಕಲ್ಲ. ಆರೂ ಮೂರೂ ಕೂಡಿ ಒಂಬತ್ತು ಅಂತೀನಿ.”

“ಚಾಷ್ಟಿ ಮಾಡಬ್ಯಾಡ್ರಿ.”

“ಚಾಷ್ಟಿ ಅಲ್ಲವ್ವ. ಎರಡು ಅಂಕಿ ಕೊಟ್ಟರ ನನಗ ಬೇಕಾದ್ದು ನಾ ತಗೋತೀನಿ. ಮೀನು ಬೀಳೂ ದಿವಸ ಇದ್ರ ಆರು ತಗೋತೀನಿ, ಹೆಂಡ್ತಿ ಕೂಡ ಜಗಳ ಆಗಿದ್ರೂ ಆರೇ ತಗೋತೀನಿ. ಮನಿಗಿ ಯಾವಂವ ಬರ್ತಾನ?”

ಎಲ್ಲರೂ ನಕ್ಕರು. ಮೌನಮ್ಮ ಮಾತ್ರ ನಗಲಿಲ್ಲ. ಹಿಂದಿನ ಬೇಸಿಗೆಯ ನಗು ಆಕೆಗೆ ಸಾಕಾಗಿತ್ತು. ಹಂಪಣ್ಣ ಹೇಳಿದ್ದನ್ನು ಅಷ್ಟೂ ಬರೆದುಕೊಂಡಳು, ಹೆಂಡತಿಯ ಜಗಳವನ್ನೂ ಬಿಡಲಿಲ್ಲ.

“ಹಂಗಾದ್ರ ಅಂಕಿನೇ ಬ್ಯಾಡ,” ಅಂದ ಮೂಲೆಯಲ್ಲಿ ಬಲೆ ಹೆಣೆಯುತ್ತಿದ್ದ ಮರಿಲಿಂಗ. “ಅಗಸರ ಕಲ್ಲ ಮುಳುಗ್ಯಾದ ಅಂತ ಹೇಳು, ಸಾಕು. ಅದು ಮುಳುಗಿತಂದ್ರ ಮೂರೇ ಉಳದ್ವು ಅಂತ ಸಣ್ಣ ಹುಡುಗನಿಗೂ ಗೊತ್ತದ.”

“ಗೊತ್ತಾಗಿ ಏನ್ ಮಾಡ್ತಿ?”

“ಬರ್ತೀನಿ.”

“ಯಾವಾಗ? ಬುತ್ತಿ ಉಂಡು ಬರ್ತಿಯೋ, ಉಣ್ಣದೇ ಬರ್ತಿಯೋ?”

ಮರಿಲಿಂಗ ತಲೆ ಕೆರೆದುಕೊಂಡ. “ನೋಡು ತಂಗಿ, ಬರೇ ಕಲ್ಲ ಮುಳುಗ್ಯಾದ ಅಂದ್ರ ಉಂಡು ಬರ್ತೀನಿ. ಈಗ ಬಾ ಅಂದ್ರ ಈಗ ಬರ್ತೀನಿ.”

ಸಂದೇಶ ಅಲ್ಲಿ ತಯಾರಾಯಿತು. “ಅಗಸರ ಕಲ್ಲ ಮುಳುಗ್ಯಾದ. ಗಡ್ಡಿ ಮ್ಯಾಲಿದ್ದವರು ಈಗ ದಂಡಿಗಿ ಬರ್ರಿ.” ಅಂಕಿಯೇ ಇಲ್ಲ. ಅಧಿಕಾರಿಗಳಿಗೆ, ಬೋಟಿನವರಿಗೆ ಮೀಟರಿನ ಅಂಕಿ ಬೇರೆ ಸಂದೇಶದಲ್ಲಿ ಹೋಗುತ್ತದೆ. ದೊಡ್ಡಿಗೆ ತಿರುಗಿಸಿದ್ದ ಬೋರ್ಡನ್ನು ಜಾಕ್‌ವೆಲ್ಲಿನ ಆಚೆ ಮಗ್ಗುಲಿಗೆ, ಬೋಟು ಬರುವ ದಿಕ್ಕಿಗೆ ತಿರುಗಿಸಿದರು. ಪುಟದಲ್ಲಿ ಹೊಸ ಸಾಲು ಸೇರಿತು: ಬರೀ ಅಂಕಿ ಕಳಿಸಬೇಡಿ, ಏನು ಮಾಡಬೇಕೆಂದು ಹೇಳಿ.

ಜೊನಾಲಿ ಒಪ್ಪಿದಳು. ರಾಧಿಕಾ ಒಪ್ಪಿದಳು. ಮೂರನೆಯವರು ಕುಟ್ಟನಾಡಿನ ಮೇಷ್ಟ್ರು. ಅವರು ಒಪ್ಪಲಿಲ್ಲ. ಪೆಟ್ಟಿಗೆಗೆ ಅಗಸರ ಕಲ್ಲು ಕಾಣುವುದಿಲ್ಲ, ಅದಕ್ಕೆ ಕಾಣುವುದು ಜಾಕ್‌ವೆಲ್ಲಿನ ಕೆಳಗಿನ ನೀರು ಮಾತ್ರ. ಆ ಕಲ್ಲು ಮುಳುಗುವ ಹೊತ್ತಿಗೆ ಜಾಕ್‌ವೆಲ್ಲಿನಲ್ಲಿ ನೀರು ಎಷ್ಟಿರುತ್ತದೆ? ಯಾರಾದರೂ ನೋಡಿದ್ದೀರಾ? ಅಂದಾಜಿನ ಮೇಲೆ ನಾನು ಸಹಿ ಹಾಕುವುದಿಲ್ಲ ಎಂದು ಬರೆದರು. ಮುದುಕ ಹೇಳಿದ್ದು ಸರಿಯಾಗಿತ್ತು.

ಆದರೆ ನೋಡಬೇಕೆಂದರೆ ನೀರು ಏರಬೇಕು. ನೀರು ಏರುವುದೆಂದರೆ ಮಳೆಗಾಲ. ಮಳೆಗಾಲವೆಂದರೆ ಹಂಪಣ್ಣನ ಗಡುವು, ಮರಿಲಿಂಗನ ಗಡ್ಡೆ. ಆಗಲೇ ಮೋಡ ಕಟ್ಟುತ್ತಿತ್ತು. ಮರಿಲಿಂಗ ಗುಡಿಸಲಿಗೆ ಹೊಸ ಹುಲ್ಲು ಹೊದಿಸಿ ಆಡು ದಾಟಿಸಿದ್ದ.

ಮೊದಲ ಸಣ್ಣ ನೀರು ಬಂದ ಬೆಳಿಗ್ಗೆ ಮೌನಮ್ಮ ಅಂಗಡಿ ಮುಚ್ಚಿದಳು. ನನ್ನ ಕರಪತ್ರವೊಂದು ಅರ್ಧಕ್ಕೆ ಒಳಗೇ ಉಳಿಯಿತು. ದೊಡ್ಡಿಗೆ ಹೋಗಿ ಮೊದಲು ಅಣ್ಣನನ್ನು ಗಡ್ಡೆಯಿಂದ ಕರೆಸಿಕೊಂಡಳು. ಬೈದುಕೊಂಡೇ ಬಂದ. ಅವನನ್ನು ದಂಡೆಯ ಮೇಲೆ ಕಲ್ಲು ಕಾಯಲು ಕೂರಿಸಿದಳು. 

ಅಲ್ಲಾಬಕ್ಷ ಜಾಕ್‌ವೆಲ್ ಹತ್ತಿ ಬೋರ್ಡಿನ ಮುಂದೆ ಕುಳಿತ. ಒಂದೊಂದು ಕಲ್ಲು ಮುಳುಗಿದಾಗಲೂ ಮರಿಲಿಂಗ ಕೂಗುತ್ತಿದ್ದ, ಅಲ್ಲಾಬಕ್ಷ ಅಂಕಿ ಕೂಗುತ್ತಿದ್ದ, ಮೌನಮ್ಮ ನಡುವೆ ಛತ್ರಿ ಹಿಡಿದು ನಿಂತು ಬರೆದುಕೊಳ್ಳುತ್ತಿದ್ದಳು.

“ಮುಳುಗಿತೇನಪಾ?” ಅಲ್ಲಾಬಕ್ಷನ ಕೂಗು.

“ನೆತ್ತಿ ಕಾಣಾಕತ್ತದ ಇನ್ನ!”

“ಜಲ್ದಿ ಮುಳುಗಾಕ ಹೇಳೋ, ನಮಾಜಿಗಿ ಹೊತ್ತಾತು!”

ಅಗಸರ ಕಲ್ಲು ಅವತ್ತು ಮುಳುಗಿತು. ಅಲ್ಲಿಗೇ ನೀರು ನಿಂತಿತು, ಮುಂದಿನ ಮೂರು ಕಲ್ಲು ಉಳಿದವು. ಮುಳುಗಿದ ಹೊತ್ತಿನ ಬೋರ್ಡಿನ ಅಂಕಿಯನ್ನು, ಕಲ್ಲಿನ ಫೋಟೊವನ್ನು ಮೇಷ್ಟ್ರಿಗೆ ಕಳಿಸಿದರು. ಮೌನಮ್ಮ ಅಂದಾಜು ಮಾಡಿದ್ದ ಅಂಕಿಗಿಂತ ಅದು ಕಡಿಮೆಯೇ ಇತ್ತು. ಅಂದರೆ ಆಕೆಯ ಅಂದಾಜಿನಲ್ಲಿ ಸಂದೇಶ ತಡವಾಗಿ ಹೋಗುತ್ತಿತ್ತು. ಇದನ್ನೂ ಆಕೆ ಅಲ್ಲೇ ಬರೆದಳು: ನನ್ನ ಅಂದಾಜು ತಪ್ಪಿತ್ತು, ಮೇಷ್ಟ್ರು ತಡೆದದ್ದು ಒಳ್ಳೆಯದಾಯಿತು. ಮಾರನೆಯ ದಿನ ಮೇಷ್ಟ್ರು ಒಪ್ಪಿದರು. ಕಲ್ಲು ಕಾಯುವ ಕೆಲಸವೂ ಪುಟದಲ್ಲಿ ಒಂದು ಸಾಲಾಗಿ ಸೇರಿತು. ಮರಿಲಿಂಗ ಆಡಿನ ಹತ್ತಿರ ವಾಪಸು ಹೋದ.

ಶ್ರಾವಣದಲ್ಲಿ ಗೇಟು ತೆಗೆದರು. ಸುದ್ದಿ ಹಬ್ಬಿದೊಡನೆ ಮೌನಮ್ಮ ಗಂಡನ ಟಂಟಂ ಹತ್ತಿ ಹೊರಟಳು, ನಾನೂ ಹಿಂದೆ ಕುಳಿತೆ. ನಾವು ಕಕ್ಕೇರಾ ದಾಟುವಾಗ ಆಕೆಯ ಫೋನಿಗೂ ಸಂದೇಶ ಬಂತು. ಅಗಸರ ಕಲ್ಲ ಮುಳುಗ್ಯಾದ. ತಾನೇ ಬರೆದ ಸಾಲನ್ನು ಆಕೆ ಯಾರೋ ಬರೆದದ್ದನ್ನು ಓದುವ ಹಾಗೆ ತುಟಿ ಅಲ್ಲಾಡಿಸಿ ಓದಿದಳು.

ದಂಡೆಗೆ ಬಂದು ನೋಡಿದರೆ ಹರಿಗೋಲುಗಳು ಆಗಲೇ ಬರುತ್ತಿದ್ದವು. ಮರಿಲಿಂಗನ ಹರಿಗೋಲಿನಲ್ಲಿ ಆಡುಗಳು ಒಂದರ ಮೇಲೊಂದು ಕೂತಿದ್ದವು. ನಡುವೆ, ಒಂದು ಮರಿಯನ್ನು ತೊಡೆಯ ಮೇಲಿಟ್ಟುಕೊಂಡು, ಗಡ್ಡೆಯಲ್ಲಿ ಕಟ್ಟಿಗೆ ಆಯಲು ಹೋಗಿದ್ದ ಮುದುಕಿ ಚಮನಬೀ. ಮರಿಲಿಂಗ ದಂಡೆ ಮುಟ್ಟುವ ಮೊದಲೇ ಕೂಗಿದ.

“ಬುತ್ತಿ ಅಲ್ಲೇ ಬಿಟ್ಟು ಬಂದೀನಿ! ಈಗ ಬರ್ರಿ ಅಂತ ಬರದೀದಿ, ಈಗೇ ಬಂದೀನಿ. ಊಟಕ್ಕೇನ್ ಮಾಡ್ಲಿ?”

“ಹಂಪಣ್ಣ ಮಾವನ ಕೇಳು,” ಅಂದಳು ಮೌನಮ್ಮ. ಹರಿಗೋಲು ದಂಡೆ ಮುಟ್ಟಿದೊಡನೆ ಮುದುಕಿಯ ಕೈ ಹಿಡಿದು ಇಳಿಸಿದಳು. “ಚಮನಬೀ ಅವ್ವ, ನಿಮಗ ಮೆಸೇಜ್ ಬಂತೇನ್ರಿ?”

“ನನಗೆಲ್ಲಿ ಫೋನ್ ಅದ ಬೇಟಿ? ಇಂವನ ಆಡು ಓಡಾಕತ್ತಿದ್ವು. ಆಡಿಗಿರೂ ಅಕಲ್ ನನಗಿಲ್ಲೇನು ಅಂತ ನಾನೂ ಓಡಿ ಬಂದೆ.”

ಹೋಟೆಲಿನವರೆಲ್ಲ ನಕ್ಕರು. ಎಲ್ಲರೂ ಬಂದಿದ್ದರು, ಗಡ್ಡೆ ಖಾಲಿಯಾಗಿತ್ತು. ಹಂಪಣ್ಣ ಒಲೆಗೆ ಇನ್ನೊಂದು ಕಟ್ಟಿಗೆ ತುರುಕಿ, ಜಾಕ್‌ವೆಲ್ಲಿನ ಕಡೆ ಕತ್ತು ತಿರುಗಿಸಿ ನೋಡಿದ.

“ಇರಲಿ ಬಿಡು. ಕೀಳೂದೂ ಒಂದ್ ಕೆಲಸ.”

ಅವನ ಬಾಯಿಂದ ಅದಕ್ಕಿಂತ ದೊಡ್ಡ ಶಹಬ್ಬಾಸ್‌ಗಿರಿ ಬರುವುದಿಲ್ಲ. ಮೌನಮ್ಮ ಅದನ್ನು ಕೇಳಿಸಿಕೊಂಡಳೋ ಇಲ್ಲವೋ ಗೊತ್ತಿಲ್ಲ. ಆಕೆ ಕಟ್ಟೆಯ ಮೇಲೆ ಕುಳಿತು, ಫೋನಿನಲ್ಲಿ ಆ ಪುಟ ತೆಗೆದು, ಕೊನೆಗೆ ಒಂದು ಸಾಲು ಸೇರಿಸುತ್ತಿದ್ದಳು: “ಫೋನಿಲ್ಲದವರು ಯಾರ್ಯಾರು ಹೊಳೆ ದಾಟುತ್ತಾರೆ, ಅವರನ್ನು ಯಾರು ಕರೆತರುತ್ತಾರೆ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಆಡನ್ನು ನಂಬಿ ಕೂರಬೇಡಿ.”

“ಆಡಿಂದು ಯಾಕ ಬರೀತಿ? ಆ ಜೊನಾಲಿ ಹೊಡೆದುಹಾಕ್ತಾಳ,” ಅಂದೆ.

“ಹೊಡೀಲಿ ಕಾಕಾ. ಮೊದಲ ಓದಲಿ, ಆಮ್ಯಾಲ ಹೊಡೀಲಿ.”

ಎದುರಿಗೆ ಎಮ್ಮೆಗಲ್ಲು ಬೆನ್ನು ಮಾತ್ರ ಕಾಣುವಷ್ಟಾಯಿತು, ಆಮೇಲೆ ಅದೂ ಹೋಯಿತು. ಮರಿಲಿಂಗ ಹಂಪಣ್ಣನ ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ತಿನ್ನುತ್ತ, ಅಡ್ಡಾಡುವ ಆಡುಗಳನ್ನು ಕಾಲಿನಿಂದಲೇ ಹತ್ತಿರ ಎಳೆದುಕೊಳ್ಳುತ್ತಿದ್ದ.